ಅಮ್ಮನ ಮೀಸೆ ಮದ್ದು

ನಮ್ಮ ಮನೆತನದ ಹೆಂಗಸರಿಗೆ ಮೀಸೆ ಬರುತ್ತದೆ. ಗಾಬರಿ ಬೇಡ, ತಿರುವಿ ನಿಲ್ಲಿಸುವಂಥದ್ದಲ್ಲ. ಮೇಲ್ದುಟಿಯ ಮೇಲೆ, ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಕಾಣುವ ಒಂದು ತೆಳ್ಳಗಿನ ನೆರಳು, ಅಷ್ಟೇ. ಆದರೆ ಊರಿನಲ್ಲಿ ಓರೆಯಾಗಿ ನೋಡುವವರು ಎಷ್ಟು ಮಂದಿ ಇದ್ದಾರೆ ಎಂಬುದು ಮೀಸೆ ಇರುವ ಹೆಂಗಸಿಗೆ ಮಾತ್ರ ಗೊತ್ತು.

ಹದಿಮೂರನೆಯ ವಯಸ್ಸಿನಿಂದ ಅರುವತ್ತೆರಡರವರೆಗೆ ಮುಚ್ಚಿಟ್ಟ ಗುಟ್ಟನ್ನು ನಿಮ್ಮ ಮುಂದೆ ಹೀಗೆ ಒಂದೇ ವಾಕ್ಯದಲ್ಲಿ ಒದರಿಬಿಟ್ಟೆನಲ್ಲ, ಅದಕ್ಕೆ ಕಾರಣ ನನ್ನ ಮೇಜಿನ ಮೇಲಿರುವ ಒಂದು ಹಳೆಯ ಕ್ರೀಮಿನ ಡಬ್ಬಿ. ಅದಕ್ಕೆ ಸುತ್ತಲೂ ಪ್ಲಾಸ್ಟರ್ ಸುತ್ತಿದ್ದೇನೆ. ಮೇಲೆ ಕನ್ನಡದಲ್ಲೂ ಮಲಯಾಳದಲ್ಲೂ 'ಮುಟ್ಟಬೇಡಿ' ಎಂದು ಬರೆದಿದ್ದೇನೆ. ಅದನ್ನು ಎಲ್ಲಿ, ಹೇಗೆ ಬಿಸಾಡಬೇಕೆಂದು ತಿಳಿದವರು ಬಂದು ಒಯ್ಯುವವರೆಗೆ ಅದು ಇಲ್ಲೇ ಇರಬೇಕಂತೆ. ಹದಿನೈದು ದಿನವಾಯಿತು, ಯಾರೂ ಬಂದಿಲ್ಲ. ಅದೇ ಹದಿನೈದು ದಿನದಿಂದ ನನ್ನ ಮೇಲ್ದುಟಿಯ ಮೇಲೆ ಪೈರು ನಿರಾತಂಕವಾಗಿ ಬೆಳೆಯುತ್ತಿದೆ. ಬೇಕಾದವರು ಅಗಲ್ಪಾಡಿಗೆ ಬಂದು ನೋಡಬಹುದು.

ಈ ಮದ್ದು ನನಗೆ ಬಂದದ್ದು ಅಮ್ಮನಿಂದ. ಅಮ್ಮನಿಗೆ ಈಗ ಎಂಬತ್ತೈದು. ಕಿವಿ ಸ್ವಲ್ಪ ದೂರ, ಬಾಯಿ ಮಾತ್ರ ಬಹಳ ಹತ್ತಿರ. ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ ಅವಳು ನನ್ನನ್ನು ಹಿತ್ತಲಿನ ಬಚ್ಚಲಿಗೆ ಕರೆದು ಬಾಗಿಲು ಹಾಕಿದಳು. ಒಂದು ಚೂರು ಕನ್ನಡಿಯನ್ನು ಕೈಗೆ ಕೊಟ್ಟು, "ನೋಡು, ನಿನಗೂ ಶುರುವಾಯ್ತು" ಅಂದಳು. ನಾನು ನೋಡಿದೆ. ಅಲ್ಲಿಯವರೆಗೆ ನನ್ನ ಮುಖದಲ್ಲಿ ಎರಡು ಕಣ್ಣು, ಒಂದು ಮೂಗು, ಒಂದು ಬಾಯಿ ಇದ್ದವು. ಅಂದಿನಿಂದ ಮೀಸೆಯೂ ಸೇರಿತು.

ಮದ್ದಿನ ಮೂಲ ಒಂದು ಹಳದಿ ಕಲ್ಲು. ಅಪ್ಪ ಕಾಸರಗೋಡು ಪೇಟೆಯ ಅಂಗಡಿಮದ್ದಿನ ಅಂಗಡಿಯಿಂದ, ಎಂದರೆ ನಾಟಿ ಮದ್ದಿನ ಬೇರು, ಕಲ್ಲು, ಉಪ್ಪು ಮಾರುವಲ್ಲಿಂದ, ಅದನ್ನು ಕಾಗದದಲ್ಲಿ ಕಟ್ಟಿಸಿ ತರುತ್ತಿದ್ದರು. ಎಂಥ ಚಂದದ ಕಲ್ಲು ಗೊತ್ತೇ? ಈರುಳ್ಳಿಯ ಹಾಗೆ ಪದರು ಪದರು, ಉಗುರಿನಿಂದ ಎಬ್ಬಿಸಿದರೆ ಬಂಗಾರದ ರೇಕಿನ ಹಾಗೆ ಏಳುತ್ತಿತ್ತು. ಅದನ್ನು ಅರೆದು, ಸುಣ್ಣದ ಜೊತೆ ಕಲಸಿ ಹಚ್ಚಿದರೆ ಕೂದಲು ತಾನಾಗಿ ಉದುರುತ್ತಿತ್ತು. ನೋವಿಲ್ಲ, ನೂಲಿನ ಎಳೆತ ಇಲ್ಲ.

ಆದರೆ ಆ ಮದ್ದಿಗೆ ಅಮ್ಮ ಕಟ್ಟಿದ ಬೇಲಿ ಎಷ್ಟು! ಕಲ್ಲನ್ನು ಮೊದಲು ಬಟ್ಟೆಯಲ್ಲಿ ಕಟ್ಟಿ, ಬೂದುಕುಂಬಳದ ರಸ ತುಂಬಿದ ಮಡಕೆಯೊಳಗೆ ತೂಗಿಬಿಟ್ಟು ಬೇಯಿಸಬೇಕು. ಒಲೆ ಮನೆಯೊಳಗಿನದ್ದಾಗಬಾರದು, ತೋಟದ ಬದಿಯಲ್ಲಿ ಮೂರು ಕಲ್ಲು ಹೂಡಿ, ಗಾಳಿಗೆ ಬೆನ್ನು ಕೊಟ್ಟು ಕೂರಬೇಕು. ಆ ಮಡಕೆಯನ್ನು ಮತ್ತೆ ಯಾವುದಕ್ಕೂ ಮುಟ್ಟಬಾರದು. ಹಚ್ಚಿಕೊಂಡ ಮೇಲೆ ಮೌನ, ನಾಲಿಗೆ ಹೊರಗೆ ಬರಬಾರದು. ಕಣ್ಣು ಮುಚ್ಚಿ ಮನೆದೈವದ ಹೆಸರನ್ನು ಮನಸ್ಸಿನಲ್ಲೇ ಇಪ್ಪತ್ತೊಂದು ಸಲ ಹೇಳಬೇಕು. ಇಪ್ಪತ್ತೊಂದು ಮುಗಿಯಿತೋ, ತೊಳೆಯಬೇಕು. ಇಪ್ಪತ್ತೆರಡಕ್ಕೆ ಹೋದರೆ ದೈವಕ್ಕೆ ಸಿಟ್ಟು ಬರುತ್ತದೆ. ಕೈಯನ್ನು ಬೂದಿ ಹಾಕಿ ಮೂರು ಸಲ ತಿಕ್ಕಬೇಕು. ತೊಳೆದ ನೀರನ್ನು ಗುಂಡಿ ತೋಡಿ ಹುಗಿಯಬೇಕು. ಬಸುರಿಯಾದವಳು ಆ ಕಡೆ ತಲೆಯನ್ನೂ ಹಾಕಬಾರದು. ಒಮ್ಮೆ ನಾನು ಉದಾಸೀನದಿಂದ ನೀರನ್ನು ಅಂಗಳಕ್ಕೆ ಚೆಲ್ಲಿದೆ. ಮರುದಿನ ಎರಡು ಹೇಂಟೆಗಳು ಕಾಲು ಚಾಚಿ ಬಿದ್ದಿದ್ದವು. "ನೋಡಿದೆಯಾ, ದೈವ ತೋರಿಸಿತು" ಅಂದಳು ಅಮ್ಮ. ನಾನು ತಪ್ಪುಕಾಣಿಕೆ ಹಾಕಿದೆ.

ನಮ್ಮದು ಮೊದಲಿನಿಂದಲೂ ಕಲ್ಲು ಮಣ್ಣು ನಂಬಿದ ಮನೆ ಅನ್ನಿ. ಗಿಡಮೂಲಿಕೆ ನೆಗಡಿ ಜ್ವರಕ್ಕೆ. ಚರ್ಮ ಮತ್ತು ಕೂದಲಿನ ವಿಷಯ ಬಂದರೆ ಖನಿಜವೇ ಆಗಬೇಕು. ಮಕ್ಕಳಿಗೆ ಕಜ್ಜಿಯಾದರೆ ತೆಂಗಿನೆಣ್ಣೆಯಲ್ಲಿ ಗಂಧಕ ಕಲಸಿ ಬಳಿಯುತ್ತಿದ್ದರು. ಹಾಗೆ ಬಳಿಸಿಕೊಂಡು ಶಾಲೆಗೆ ಹೋದರೆ ಇಡೀ ಬೆಂಚು ನಮಗೇ ಬಿಟ್ಟುಕೊಡುತ್ತಿದ್ದರು. ಮೈಯೆಲ್ಲ ಸಿಡಿಮದ್ದಿನ ವಾಸನೆ. ಅಪ್ಪನ ಕೆನ್ನೆಗೆ ಚೌರದ ಮೇಲೆ ಪಟಿಕದ ತುಂಡು. ನನ್ನ ಸೋದರಮಾವ ಒಬ್ಬರು ತಲೆಗೂದಲು ಕಪ್ಪು ಮಾಡಲು ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಪುಡಿಯನ್ನೂ ಅನ್ನಭೇದಿ ಎಂಬ ಕಬ್ಬಿಣದ ಹಸಿರು ಉಪ್ಪನ್ನೂ ಕಲಸುತ್ತಿದ್ದರು. ಬರೆಯುವ ಶಾಯಿಯನ್ನು ಹಿಂದೆ ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಇದರಿಂದಲೇ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಒಂದು ಮದುವೆಯ ಮನೆಯಲ್ಲಿ ಮಾವ ಬೆವತರು. ಬಿಳಿ ಅಂಗಿಯ ಕಾಲರಿನ ಮೇಲೆ ಒಂದು ಪುಟ ಬರೆದಾಯಿತು. ಮಾವ ಊಟಕ್ಕೂ ನಿಲ್ಲದೆ ಹೊರಟುಹೋದರು, ಪಾಪ. ಮರುವಾರ ಮತ್ತೆ ಅದೇ ಬಾಣಲೆ.

ಮಾವನನ್ನು ನೆನೆದು ನಗುತ್ತಿದ್ದೇನಲ್ಲ, ಈಗ ನನ್ನ ವಿಷಯಕ್ಕೆ ಬರುತ್ತೇನೆ.

ನಾನು ದೊಡ್ಡವಳಾಗಿ ಯು.ಪಿ. ಶಾಲೆಯ, ಎಂದರೆ ಏಳನೆಯ ಕ್ಲಾಸಿನವರೆಗಿನ ಶಾಲೆಯ, ಟೀಚರಾದೆ. ಕನ್ನಡ ಕಲಿಸುವವಳು. ಆದರೆ ವಿಜ್ಞಾನದ ಟೀಚರ್ ರಜೆ ಹಾಕಿದ ಒಂದು ವರ್ಷ ವಿಜ್ಞಾನ ಕ್ಲಬ್ಬು ನನ್ನ ಕೊರಳಿಗೆ ಬಿತ್ತು, ಮತ್ತೆ ನಿವೃತ್ತಿಯವರೆಗೂ ಇಳಿಯಲಿಲ್ಲ. ಮೂಢನಂಬಿಕೆಯ ಮೇಲೆ ನಾನು ಮಾಡಿದ ಭಾಷಣ ಕೇಳಬೇಕಿತ್ತು ನೀವು! ನಿಂಬೆಹಣ್ಣು ಹಿಡಿದುಕೊಂಡು ವೇದಿಕೆ ಹತ್ತಿ, ಅದನ್ನು ಅಲ್ಲೇ ಹಿಂಡಿ ಶರಬತ್ತು ಮಾಡಿ ಕುಡಿಯುತ್ತಿದ್ದೆ. ಮಕ್ಕಳು ಚಪ್ಪಾಳೆ ಹೊಡೆಯುತ್ತಿದ್ದರು. ತುಂಬಿದ ಕೊಡ ತುಳುಕುವುದಿಲ್ಲವಂತೆ. ನನ್ನ ಕೊಡ ಆಗ ಬಹಳ ತುಳುಕುತ್ತಿತ್ತು.

ಇಂಥವಳು ಮನೆಗೆ ಬಂದು ಕುಂಬಳಕಾಯಿಯ ಮುಂದೆ ಕೂರುವುದೇ? ದೃಷ್ಟಿ ತೆಗೆದು ನಡುಬೀದಿಯಲ್ಲಿ ಒಡೆಯುವ ಕಾಯಿಗೂ ಮೀಸೆಗೂ ಎಂತ ಸಂಬಂಧ? ಮೊದಲು ಕುಂಬಳ ಬಿಟ್ಟೆ. ಮತ್ತೆ ಮೌನ ಬಿಟ್ಟೆ. ಮತ್ತೆ ಬೂದಿ. ಇಪ್ಪತ್ತೊಂದು ಹೆಸರನ್ನಂತೂ ಬಿಡುವಾಗ ಒಂದು ಥರದ ಹೆಮ್ಮೆಯೇ ಆಯಿತು. ಉರಿ ತೋರಿದ ಕೂಡಲೇ ತೊಳೆದುಕೊಳ್ಳುತ್ತಿದ್ದೆ, ಅಷ್ಟೇ. ಬಸುರಿ ಮುಟ್ಟಬಾರದು ಎಂಬ ಮಾತಿಗೆ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು. ಹೆಂಗಸು ಬಸುರಿಯಾದರೆ ಮೈಲಿಗೆಯೇ? ಆರು ತಿಂಗಳಾಗಿದ್ದಾಗ, ಅಮ್ಮ ಪೆರ್ಲಕ್ಕೆ ಹೋದ ದಿನ ನೋಡಿ, ಹಟಕ್ಕೆ ಹಚ್ಚಿಕೊಂಡೆ. ಅಮ್ಮನ ಮದ್ದಿನಿಂದ ಮೌಢ್ಯವನ್ನೆಲ್ಲ ಸೋಸಿ ತೆಗೆದು ಬರೀ ಮದ್ದನ್ನು ಉಳಿಸಿಕೊಂಡವಳು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆಗ ಹೊಟ್ಟೆಯಲ್ಲಿದ್ದವಳು ಮಮತ. ಈಗ ನಾಯ್ಮಾರ್ಮೂಲೆಯಲ್ಲಿ ಗಂಡನ ಜೊತೆ ಟೈಲ್ಸ್ ಅಂಗಡಿ ನೋಡಿಕೊಳ್ಳುತ್ತಾಳೆ. ಅವಳ ಮಗಳು ಶ್ರಾವ್ಯ, ಒಂಬತ್ತನೆಯ ಕ್ಲಾಸು. ಈಚೆಗೆ ಒಂದು ಭಾನುವಾರ ಹೊಸ ಅಕ್ಕಿ ಊಟಕ್ಕೆ ಎಲ್ಲರೂ ಬಂದಿದ್ದರು. ಊಟವಾಗಿ ಮಗು ಜಗಲಿಯಲ್ಲಿ ಕೂತು ಏನೋ ಹೇಳಿ ನಗುತ್ತಿತ್ತು. ಇಳಿಬಿಸಿಲು ಓರೆಯಾಗಿ ಮುಖಕ್ಕೆ ಬಿದ್ದಿತ್ತು. ನಾನು ನೋಡಿದೆ. ಅಯ್ಯೋ, ಇದಕ್ಕೂ ಬಂತಲ್ಲ!

ಒಳಗೆ ಕರೆದು ಬಾಗಿಲು ಹಾಕಿದೆ. ಕ್ರೀಮಿನ ಡಬ್ಬಿಗೆ ತುಂಬಿಸಿಟ್ಟಿದ್ದ ಮದ್ದನ್ನು ಕೈಗೆ ಕೊಟ್ಟೆ.

"ಇದು ಎಂತದು ಅಜ್ಜಿ?"

"ನಮ್ಮ ಮನೆಯ ಮದ್ದು ಮಗಾ. ಇದಕ್ಕೆ." ನನ್ನ ತುಟಿಯ ಮೇಲೆ ಬೆರಳಾಡಿಸಿ ತೋರಿಸಿದೆ. "ನಿನ್ನ ಪ್ರಾಯದಲ್ಲಿ ನನಗೂ ನನ್ನ ಅಮ್ಮ ಕೊಟ್ಟದ್ದು. ಗುರುವಾರ ಶಾಲೆಯಲ್ಲಿ ಗ್ರೂಪ್ ಫೋಟೊ ಉಂಟಂತ ಹೇಳಿದೆಯಲ್ಲ? ಬುಧವಾರ ಶಾಲೆ ಬಿಟ್ಟು ಬಂದು ಹಚ್ಚು. ಉರಿ ಶುರುವಾದರೆ ತೊಳೆ. ಯಾರಿಗೂ ಹೇಳುವುದು ಬೇಡ."

ಶ್ರಾವ್ಯ ಡಬ್ಬಿಯನ್ನು ಕಿಸೆಗೆ ಹಾಕಿಕೊಂಡಳು. ಗೋಡೆಯ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಳು. ಉಪಕಾರ ಸ್ಮರಣೆ ಎಂದುಕೊಂಡೆ.

ಡಬ್ಬಿ ಕೊಟ್ಟು ಖಾಲಿಯಾಯಿತಲ್ಲ, ಬುಧವಾರ ಮಧ್ಯಾಹ್ನ ಬದಿಯಡ್ಕಕ್ಕೆ ಹೊರಟೆ. ಅಲ್ಲಿ ನನ್ನ ಹಳೆಯ ಶಿಷ್ಯೆ ಸಫಿಯಾ ಆಯುರ್ವೇದ ಓದಿ ಡಾಕ್ಟರಾಗಿ, ತನ್ನ ಮಾವನ ಅಂಗಡಿಮದ್ದಿನ ಅಂಗಡಿಗೆ ತಾಗಿದ ಕೋಣೆಯಲ್ಲಿ ಕೂರುತ್ತಾಳೆ. ಮೂರನೆಯ ಕ್ಲಾಸಿನಲ್ಲಿ ಒತ್ತಕ್ಷರ ಬರೆಯಲು ಅಳುತ್ತಿದ್ದ ಹುಡುಗಿ. ಕಲ್ಲಿನ ಕೊನೆಯ ಚೂರನ್ನು ಕಾಗದದಿಂದ ಬಿಡಿಸಿ ಅವಳ ಮುಂದೆ ಇಟ್ಟು, "ಇಂಥದ್ದು ಒಂದು ತುಂಡು ಬೇಕಿತ್ತು" ಅಂದೆ.

ಸಫಿಯಾ ಕಲ್ಲನ್ನು ಮುಟ್ಟಲಿಲ್ಲ. ಕಾಗದದ ತುದಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

"ಟೀಚರೇ, ಇದು ನಿಮಗೆ ಎಂತಕ್ಕೆ?"

ನಾಚಿಕೆಯಿಂದ ತುಟಿ ತೋರಿಸಿದೆ.

"ಇದು ಹರತಾಳ ಟೀಚರೇ. ಯಕ್ಷಗಾನದ ಆಟದವರು ಮುಂಚೆ ಮುಖಕ್ಕೆ ಅರದಾಳ ಹಚ್ಚುತ್ತಿದ್ದರಲ್ಲ, ಅದೇ. ಇದರಲ್ಲಿ ಇರುವುದು ಆರ್ಸೆನಿಕ್." ಅವಳು ನನ್ನ ಮುಖ ನೋಡಿದಳು. ಅರ್ಥವಾಗಲಿಲ್ಲವೆಂದು ತಿಳಿದು, ನಾನೇ ಕಲಿಸಿದ ಶಬ್ದದಲ್ಲಿ ಹೇಳಿದಳು. "ಪಾಷಾಣ."

ನಾನು ನಕ್ಕೆ ಎಂದು ಕಾಣುತ್ತದೆ. "ಎಂತ ಮಾತಾಡ್ತಿ ಮಾರಾಯ್ತಿ? ಐವತ್ತು ವರ್ಷದಿಂದ ಹಚ್ಚುತ್ತಿದ್ದೇನೆ."

"ಅಲ್ಲಾಹ್! ಶೋಧನೆ ಮಾಡಿಯಾ?"

"ಎಂತ ಶೋಧನೆ?"

"ನಮ್ಮ ಪುಸ್ತಕದಲ್ಲಿ ಉಂಟು ಟೀಚರೇ, ಬಟ್ಟೆಯಲ್ಲಿ ಕಟ್ಟಿ ಕುಂಬಳದ ರಸದಲ್ಲಿ ತೂಗಿ ಬೇಯಿಸುವುದು. ಹಾಗೆ ಮಾಡಿದರೂ ಇದು ಮನೆಯಲ್ಲಿ ಕೈಯಾಡಿಸುವ ವಸ್ತು ಅಲ್ಲ. ಹಾಗೆ ಮಾಡದೆ ಹಚ್ಚುವುದಂತೂ..."

ಕುಂಬಳ! ಆ ಸಣ್ಣ ಕೋಣೆಯಲ್ಲಿ ಅಮ್ಮನ ಒಂದೊಂದು ಕಟ್ಟಳೆಯೂ ನನ್ನ ಮುಂದೆ ಬಂದು ನಿಂತಿತು. ಮೌನ ಯಾಕೆ? ಬಾಯೊಳಗೆ ಹೋಗದಿರಲಿ ಎಂದು. ಬೂದಿ ಯಾಕೆ, ಗುಂಡಿ ಯಾಕೆ, ಹೇಂಟೆ ಸತ್ತದ್ದು ಯಾಕೆ? ಇಪ್ಪತ್ತೊಂದು ಹೆಸರು ಯಾಕೆ? ಗಡಿಯಾರವಿಲ್ಲದ ಮನೆಯಲ್ಲಿ ಅದೇ ಗಡಿಯಾರ. ಬಸುರಿ... ಹೊಟ್ಟೆಯಲ್ಲಿದ್ದ ಮಮತ! ಮೌಢ್ಯ ಎಂದು ನಾನು ಒಂದೊಂದಾಗಿ ಕಿತ್ತೆಸೆದದ್ದು ಬೇಲಿಯ ಗೂಟಗಳನ್ನು. ಜೋಪಾನವಾಗಿ ಉಳಿಸಿಕೊಂಡದ್ದು ವಿಷವನ್ನು.

"ಇವತ್ತು ವಾರ ಯಾವುದು?" ಎಂದು ಕೇಳಿದೆ. ಗೊತ್ತಿದ್ದೂ ಕೇಳಿದೆ.

"ಬುಧವಾರ."

ಗಂಟೆ ಮೂರೂವರೆ. ಶ್ರಾವ್ಯಳ ಶಾಲೆ ನಾಲ್ಕಕ್ಕೆ ಬಿಡುತ್ತದೆ, ನಾಲ್ಕೂವರೆಗೆ ಅವಳು ಮನೆ ಸೇರುತ್ತಾಳೆ. ಮಮತಳಿಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಅಳಿಯನದ್ದು ಸ್ವಿಚ್ ಆಫ್. ಮಗುವಿಗೆ ಫೋನ್ ಕೊಡಬಾರದೆಂದು ಹಟ ಹಿಡಿದವಳೂ ನಾನೇ. ಚೆರ್ಕಳ ದಾರಿಯಾಗಿ ಮಗಳ ಊರಿಗೆ ಹೋಗುವ ಬಸ್ಸು ಹೊರಟು ನಿಂತಿತ್ತು, ಹಾರಿ ಹತ್ತಿದೆ. ಈ ಮಂಡಿಯಲ್ಲಿ ಹಾರಿದ್ದು ಹೇಗೆಂದು ಈಗಲೂ ಗೊತ್ತಿಲ್ಲ.

ಬಸ್ಸಿನಲ್ಲಿ ಕೂತು ಅಮ್ಮನಿಗೆ ಫೋನ್ ಮಾಡಿದೆ. ಯಾಕೆ ಮಾಡಿದೆನೋ! ಐವತ್ತು ವರ್ಷದ ಸಿಟ್ಟನ್ನು ಯಾರ ಮೇಲಾದರೂ ಹಾಕಬೇಕಿತ್ತು. ನಮ್ಮ ಮನೆಮಾತು ತುಳು. ಇಲ್ಲಿ ಕನ್ನಡಕ್ಕೆ ತಿರುಗಿಸುವಾಗ ಖಾರ ಸ್ವಲ್ಪ ಕಡಿಮೆಯಾಗಿದೆ, ಕ್ಷಮಿಸಿ.

"ಅಮ್ಮಾ, ಆ ಹಳದಿ ಕಲ್ಲು ವಿಷವಂತೆ!"

"ಯಾವ ಕಲ್ಲು?"

"ಹಳದಿ ಕಲ್ಲು!"

"ಹಲ್ಲಿಗೆ ಎಂತ ಆಯ್ತು?"

"ಮೀಸೆಯದ್ದು ಅಮ್ಮಾ! ಮೀಸೆಯ ಮದ್ದು! ನೀನು ನನಗೆ ಹಚ್ಚಿದ್ದು!"

ಮುಂದಿನ ಸೀಟಿನ ಹೆಂಗಸು ಪೂರ್ತಿ ತಿರುಗಿ, ನನ್ನ ಕಣ್ಣಿಗಿಂತ ಎರಡಂಗುಲ ಕೆಳಗೆ ನೋಡಿದಳು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಮರೆತು ನಿಂತ.

"ಓ, ಅದಾ?" ಅಮ್ಮನ ದನಿ ತಣ್ಣಗಿತ್ತು. "ವಿಷ ಅಲ್ಲದೆ ಮತ್ತೆ ಎಂತ? ಕೂದಲು ಸಾಯಬೇಕಲ್ಲ."

"ನಿನಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಅಷ್ಟು ಕಟ್ಟುಪಾಡು ಮಾಡ್ತಾರಾ ಯಾರಾದರೂ? ನನಗೇನು ಬೇರೆ ಕೆಲಸ ಇರಲಿಲ್ವಾ?"

"ವಿಷ ಅಂತ ಒಂದು ಮಾತು ಹೇಳಬೇಕಿತ್ತಲ್ಲ!"

"ಹೇಳಿದರೆ ನೀನು ಕೇಳ್ತಿದ್ದೆಯಾ? ಹಾಲು ಬಿಸಿ ಉಂಟು ಅಂದರೆ ಬೆರಳು ಹಾಕಿ ನೋಡುವವಳು. ದೈವ ಅಂತ ಹೇಳಿದ್ದಕ್ಕೆ ಕಣ್ಣು ಮುಚ್ಚಿ ಎಣಿಸಿದೆ. ಅಲ್ಲ, ಈಗ ಎಂತಕ್ಕೆ ಬೊಬ್ಬೆ ಹಾಕ್ತಿ?"

"ಶ್ರಾವ್ಯಳಿಗೆ ಕೊಟ್ಟಿದ್ದೇನೆ ಅಮ್ಮ."

ಅಮ್ಮನ ದನಿ ಬೇರೆಯೇ ಆಯಿತು.

"ಕುಂಬಳದಲ್ಲಿ ಬೇಯಿಸಿದ್ದೀಯಲ್ಲ?"

"ಇಲ್ಲ."

"ಹೆಸರು ಹೇಳ್ಲಿಕ್ಕೆ ಕಲಿಸಿದ್ದೀಯಲ್ಲ?"

"ಇಲ್ಲ ಅಮ್ಮ."

"ಮೂವತ್ತು ವರ್ಷ ಊರಿನ ಮಕ್ಕಳನ್ನು ನಿನ್ನ ಕೈಗೆ ಕೊಟ್ಟವರು ಯಾರು ಮಾರಾಯ್ತಿ?" ಅಂದು ಅಮ್ಮ ಫೋನಿಟ್ಟಳು. ಅವಳು ಅಳುತ್ತಿದ್ದಳೆಂದು ನನಗೆ ತಿಳಿಯಿತು.

ಚೆರ್ಕಳದಿಂದ ಆಚೆಗೆ ಹೆದ್ದಾರಿಯ ಕೆಲಸ. ಬಸ್ಸು ಸರ್ವಿಸ್ ರೋಡಿಗೆ ಇಳಿಯಿತು, ಒಂದು ಕಾಂಕ್ರೀಟು ಲಾರಿಯ ಹಿಂದೆ ನಿಂತಿತು, ನಿಂತೇ ಇತ್ತು. ನಾಲ್ಕೂವರೆಯಾಯಿತು. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ನಿಂಬೆಹಣ್ಣಿನ ಶರಬತ್ತು ಕುಡಿದ ಈ ಟೀಚರು ಆ ಬಸ್ಸಿನಲ್ಲಿ ಕಣ್ಣು ಮುಚ್ಚಿ ಮನೆದೈವದ ಹೆಸರು ಹೇಳಿದಳು. ಇಪ್ಪತ್ತೊಂದಕ್ಕೆ ನಿಲ್ಲಿಸಲೂ ಇಲ್ಲ. ಲಾರಿ ಕದಲದಿದ್ದಾಗ ಇಳಿದು, ಧೂಳಿನಲ್ಲಿ ಅರ್ಧ ಮೈಲು ನಡೆದೆ, ಓಡಿದೆ, ಮತ್ತೆ ನಡೆದೆ.

ಬಾಗಿಲು ತೆರೆದವಳು ಶ್ರಾವ್ಯ. ಯೂನಿಫಾರ್ಮಿನಲ್ಲೇ ಇದ್ದಳು. ತುಟಿಯ ಮೇಲೆ ಹಳದಿ ಪಟ್ಟಿ. ಕಣ್ಣಿನಲ್ಲಿ ನೀರು.

ಆಮೇಲಿನದ್ದು ನನಗೆ ತುಂಡು ತುಂಡಾಗಿ ನೆನಪು. ಅವಳನ್ನು ನಲ್ಲಿಯ ಕೆಳಗೆ ಬಗ್ಗಿಸಿ ಹಿಡಿದೆ, "ಬಾಯಿ ಮುಚ್ಚು, ಬಾಯಿ ಮುಚ್ಚು" ಎಂದು ಕಿರುಚುತ್ತ ತೊಳೆದೆ. ಹಳದಿ ಹೋದ ಜಾಗದಲ್ಲಿ ಚರ್ಮ ಕೆಂಪಗೆ ಸುಲಿದಿತ್ತು. ಮಮತ ಅಂಗಡಿಯಿಂದ ಓಡಿಬಂದಳು. ಅವಳಿಗೆ ಎಲ್ಲವನ್ನೂ ಹೇಳಿದೆ, ಅವಳು ಹೊಟ್ಟೆಯಲ್ಲಿದ್ದಾಗಿನದ್ದನ್ನೂ. ಅವಳು ನನ್ನನ್ನು ನೋಡಿದ ನೋಟವನ್ನು ಮಾತ್ರ ಇಲ್ಲಿ ಬರೆಯಲಾರೆ. ಡಬ್ಬಿಯನ್ನು ನನ್ನ ಚೀಲಕ್ಕೆ ಹಾಕಿಕೊಂಡು, ಆಟೊ ಹಿಡಿದು ಚರ್ಮದ ಡಾಕ್ಟರಲ್ಲಿಗೆ ಹೋದೆವು.

"ಹೆದರುವಂಥದ್ದು ಆಗಲಿಲ್ಲ" ಎಂದರು ಡಾಕ್ಟರು. "ಬೇಗ ಬಂದಿದ್ದೀರಿ. ಮೇಲಿನ ಚರ್ಮ ಮಾತ್ರ ಸುಟ್ಟದ್ದು, ವಾಸಿಯಾಗ್ತದೆ, ಕಲೆಯೂ ಉಳಿಯಲಿಕ್ಕಿಲ್ಲ. ಇಬ್ಬರಿಗೂ ಟೆಸ್ಟಿಗೆ ಬರೆದು ಕೊಡ್ತೇನೆ. ಅಜ್ಜಿಗೆ ಮೊದಲು ಮಾಡಿಸಿ."

ಮಮತ ಚೀಟಿ ಹಿಡಿದು ಲ್ಯಾಬಿಗೆ ಹೋದಳು. ನಾವಿಬ್ಬರೂ ಹೊರಗಿನ ಬೆಂಚಿನಲ್ಲಿ ಕೂತೆವು. ನನ್ನ ಮನಸ್ಸಿನಲ್ಲಿ ಒಂದು ಸಮಾಧಾನ ಮೆಲ್ಲನೆ ಇಳಿಯತೊಡಗಿತ್ತು. ಗಂಡಾಂತರ ಕಳೆಯಿತು. ಮಗುವಿನ ಮುಖ ಉಳಿಯಿತು.

"ಉರಿಯಲಿಲ್ಲವಾ ಮಗಾ?" ಎಂದು ಕೇಳಿದೆ.

"ಉರಿಯಿತು. ತುಂಬ ಉರಿಯಿತು."

"ಮತ್ತೆ ಯಾಕೆ ತೊಳೆಯಲಿಲ್ಲ?"

"ಪೂರ್ತಿ ಹೋಗಲಿ ಅಂತ."

ಬೆನ್ನು ಸವರಿದೆ. "ಹೋಗದಿದ್ದರೆ ಎಂತ? ಯಾರಾದರೂ ಶಾಲೆಯಲ್ಲಿ ತಮಾಷೆ ಮಾಡ್ತಿದ್ದರಾ?"

ಅವಳು ನನ್ನನ್ನು ಆಶ್ಚರ್ಯದಿಂದ ನೋಡಿದಳು. ಅದರಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ಯಾರೂ ಎಂತದೂ ಹೇಳಿರಲಿಲ್ಲ ಅಜ್ಜಿ. ನನಗೆ ಮೀಸೆ ಉಂಟಂತ ನೀವು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು." ಯೂನಿಫಾರ್ಮಿನ ಕಿಸೆಯಿಂದ ಮುದುಡಿದ ಒಂದು ಮಾಸ್ಕ್ ತೆಗೆದಳು. "ಸೋಮವಾರದಿಂದ ಇದನ್ನು ಹಾಕಿಕೊಂಡೇ ಹೋಗ್ತಿದ್ದೇನೆ. ಊಟವನ್ನೂ ಒಬ್ಬಳೇ ಮಾಡ್ತೇನೆ. ಶೀತವಾ ಅಂತ ಟೀಚರ್ ಕೇಳಿದರು. ಹೌದು ಅಂದೆ."